‘ವಿಕಾರ್’ ಎಂಬ ಚರ್ಚ್ ಪದವಿ: ಯಾರ ಬದಲಿಗೆ ಯಾರು?

ಕಡತಪ್ರಿಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹತ್ತೊಂಬತ್ತನೆಯ ಶತಮಾನದ ಕೆಲವು ಪತ್ರಗಳನ್ನೂ ವರದಿಗಳನ್ನೂ ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದೇನೆ. ಅವುಗಳಲ್ಲಿ ‘ವಿಕಾರ್’ ಎಂಬ ಪದವಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಬಂದ ಕಡೆಯೆಲ್ಲ ಅದು ಒಂದೇ ದರ್ಜೆಯ ವ್ಯಕ್ತಿಯನ್ನು ಸೂಚಿಸುತ್ತಿಲ್ಲ. ಒಂದು ಪತ್ರದಲ್ಲಿ ಆತ ಇಂಗ್ಲೆಂಡಿನ ಹಳ್ಳಿಯೊಂದರ ಚರ್ಚಿನ ಮುಖ್ಯಸ್ಥ. ಇನ್ನೊಂದರಲ್ಲಿ ಬೆಂಗಳೂರಿನಲ್ಲಿದ್ದುಕೊಂಡು ಇಡೀ ಮೈಸೂರು ಸೀಮೆಯ ಕ್ಯಾಥೊಲಿಕರ ಹೊಣೆ ಹೊತ್ತಿದ್ದ ಬಿಷಪ್. ಫ್ರೆಂಚಿನಿಂದ ಬಂದ ಒಂದು ಬರಹದಲ್ಲಿ ಅದೇ ಪದ ಊರ ಚರ್ಚಿನ ಕಿರಿಯ ಸಹಾಯಕನಿಗೆ ಸಲ್ಲುತ್ತದೆ. ಮತ್ತೊಂದರಲ್ಲಿ ಸಾಕ್ಷಾತ್ ಪೋಪರೇ ‘ಕ್ರಿಸ್ತನ ವಿಕಾರ್’ ಆಗಿದ್ದಾರೆ. ನಾಲ್ಕು ಕಡೆಯೂ ‘ಧರ್ಮಗುರು’ ಎಂದು ಬರೆದರೆ ವಾಕ್ಯ ಓಡುತ್ತದೆ, ವಿಷಯ ಮಾತ್ರ ಕೈತಪ್ಪುತ್ತದೆ. ಇಷ್ಟು ಬೇರೆ ಬೇರೆ ಎತ್ತರದ ಜನರಿಗೆ ಒಂದೇ ಹೆಸರು ಬಂದದ್ದು ಹೇಗೆ, ಕನ್ನಡದಲ್ಲಿ ಇವರನ್ನು ಹೇಗೆ ಬೇರ್ಪಡಿಸಿ ಹೇಳಬಹುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಲ್ಯಾಟಿನ್ ಓದುಗ

ಬೇರು ಲ್ಯಾಟಿನ್ನಿನ ‘ವಿಕಾರಿಯುಸ್’. ಒಬ್ಬರ ಬದಲಿಗೆ ನಿಂತವನು, ಒಬ್ಬರ ಜಾಗದಲ್ಲಿ ಕೆಲಸ ಮಾಡುವವನು ಎಂದು ಅರ್ಥ. ಚರ್ಚು ಈ ಪದವನ್ನು ಹುಟ್ಟಿಸಲಿಲ್ಲ, ಎರವಲು ಪಡೆಯಿತು. ರೋಮನ್ ಕಾನೂನಿನಲ್ಲಿ ಗುಲಾಮನೊಬ್ಬನ ವಶಕ್ಕೆ ಬಿಟ್ಟ ಸ್ವತ್ತಿನಲ್ಲಿ ಇನ್ನೊಬ್ಬ ಗುಲಾಮನೂ ಸೇರಿರುವ ಸಂದರ್ಭವಿತ್ತು. ಆ ಎರಡನೆಯವನನ್ನು, ಅಂದರೆ ಗುಲಾಮನ ಗುಲಾಮನನ್ನು, ‘ವಿಕಾರಿಯುಸ್’ ಎನ್ನುತ್ತಿದ್ದರು. ಇದೇ ಪದ ಡಯೋಕ್ಲೀಷಿಯನ್ ಚಕ್ರವರ್ತಿಯ ಕಾಲದ ಆಡಳಿತ ಸುಧಾರಣೆಯ ಹೊತ್ತಿಗೆ ಬಹಳ ಮೇಲಕ್ಕೇರಿತು. ಸಾಮ್ರಾಜ್ಯದ ಪ್ರಾಂತ್ಯಗಳನ್ನು 12 ದೊಡ್ಡ ಗುಂಪುಗಳಾಗಿ ಕೂಡಿಸಿ, ಪ್ರತಿಯೊಂದಕ್ಕೂ ಪ್ರಿಫೆಕ್ಟ್ ಎಂಬ ಚಕ್ರವರ್ತಿಯ ಉನ್ನತ ಅಧಿಕಾರಿಯ ಬದಲಿಯಾಗಿ ಒಬ್ಬ ವಿಕಾರಿಯುಸನನ್ನು ನೇಮಿಸಲಾಯಿತು. ಆ ಗುಂಪಿನ ಹೆಸರು ‘ಡಯೊಸಿಸ್’. ಇಂದು ನಾವು ಧರ್ಮಪ್ರಾಂತ್ಯ ಎಂದು ಅನುವಾದಿಸುವ ಪದವೂ ವಿಕಾರ್ ಎಂಬ ಪದವೂ ಹೀಗೆ ಕಂದಾಯ ಮತ್ತು ನ್ಯಾಯದಾನದ ಕಚೇರಿಗಳಿಂದಲೇ ಬಂದವು.

ಆದ್ದರಿಂದ ಕಡತಪ್ರಿಯ ಅವರ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಬೇಕು. ವಿಕಾರ್ ಯಾವ ದರ್ಜೆಯವನು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ಪದದಲ್ಲಿ ದರ್ಜೆಯೇ ಇಲ್ಲ. ಯಾರ ಬದಲಿಗೆ ಎಂದು ಕೇಳಿದರೆ ದರ್ಜೆ ತಾನಾಗಿ ತಿಳಿಯುತ್ತದೆ. ಗುಲಾಮನ ಬದಲಿ ಗುಲಾಮನಿಗಿಂತ ಕೆಳಗೆ, ಪ್ರಿಫೆಕ್ಟನ ಬದಲಿ ಹತ್ತು ಗವರ್ನರುಗಳಿಗಿಂತ ಮೇಲೆ.

ಪ್ಯಾರಿಷ್ ದಾಖಲೆ

ಇಂಗ್ಲೆಂಡಿನ ಹಳ್ಳಿಯ ವಿಕಾರ್ ಬಗ್ಗೆ ನಾನು ಬರೆಯುತ್ತೇನೆ. ಅಲ್ಲಿ ಈ ಪದದ ಹಿಂದೆ ದೇವತಾಶಾಸ್ತ್ರಕ್ಕಿಂತ ಧಾನ್ಯದ ಲೆಕ್ಕವೇ ಹೆಚ್ಚಾಗಿದೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಪ್ರತಿ ಪ್ಯಾರಿಷ್‌ಗೂ (ಒಂದು ಚರ್ಚಿನ ವ್ಯಾಪ್ತಿಯ ಊರು) ರೆಕ್ಟರ್ ಎಂಬ ಮುಖ್ಯ ಪಾದ್ರಿಯೊಬ್ಬ ಇರಬೇಕಿತ್ತು. ಊರಿನ ಬೆಳೆಯ ಹತ್ತನೆಯ ಒಂದು ಪಾಲು, ನಮ್ಮ ಕ್ರೈಸ್ತರು ‘ದಶಮಾಂಶ’ ಎನ್ನುವುದು, ಪೂರ್ತಿಯಾಗಿ ಅವನಿಗೆ ಸಲ್ಲುತ್ತಿತ್ತು. ಹನ್ನೆರಡನೆಯ ಶತಮಾನದ ಹೊತ್ತಿಗೆ ಭೂಮಾಲಿಕರು ತಮ್ಮ ಹಿಡಿತದಲ್ಲಿದ್ದ ಚರ್ಚುಗಳನ್ನು ಸನ್ಯಾಸಿಗಳ ಮಠಗಳಿಗೆ ದತ್ತಿಯಾಗಿ ಕೊಡುವುದು ವಾಡಿಕೆಯಾಯಿತು. ದತ್ತಿ ಪಡೆದ ಮಠವೇ ಕಾನೂನಿನ ದೃಷ್ಟಿಯಲ್ಲಿ ರೆಕ್ಟರ್ ಆಗಿಬಿಡುತ್ತಿತ್ತು. ಆದರೆ ಮಠವೊಂದು ಹಳ್ಳಿಗೆ ಬಂದು ಮಗುವಿಗೆ ದೀಕ್ಷಾಸ್ನಾನ ಕೊಡಲಾರದು, ಸತ್ತವರನ್ನು ಹೂಳಲಾರದು. ಆ ಕೆಲಸಕ್ಕೆ ರೆಕ್ಟರನ ಬದಲಿಗೆ ಒಬ್ಬ ಪಾದ್ರಿಯನ್ನು ಇಡಬೇಕು, ಅವನೇ ವಿಕಾರ್. ಮೊದಮೊದಲು ಮಠಗಳು ಇಂಥವರಿಗೆ ಪುಡಿಗಾಸು ಕೊಟ್ಟು, ಬೇಡವೆನಿಸಿದಾಗ ಕಳುಹಿಸಿಬಿಡುತ್ತಿದ್ದವು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ಇದಕ್ಕೆ ತಡೆಹಾಕಿ, ಬದಲಿಯವನು ಕಾಯಂ ಆಗಿರಬೇಕು, ಅವನಿಗೆ ಬದುಕಲು ತಕ್ಕ ಪಾಲು ದೊರೆಯಬೇಕು ಎಂದು ವಿಧಿಸಿತು. ಇಂಗ್ಲೆಂಡಿನ ಪಾರ್ಲಿಮೆಂಟೂ 1391ರಲ್ಲಿ ಮತ್ತು 1402ರಲ್ಲಿ ಇದೇ ದಿಕ್ಕಿನ ಶಾಸನಗಳನ್ನು ಮಾಡಿತು.

ಹೀಗೆ ದಶಮಾಂಶ ಇಬ್ಭಾಗವಾಯಿತು. ಧಾನ್ಯ, ಹುಲ್ಲು, ಮರ ಇವುಗಳ ಮೇಲಿನ ‘ದೊಡ್ಡ ದಶಮಾಂಶ’ ರೆಕ್ಟರನಿಗೆ, ಅಂದರೆ ಮಠಕ್ಕೆ. ಕುರಿಮರಿ, ಹಂದಿಮರಿ, ಹಾಲು, ಮೊಟ್ಟೆ, ಜೇನು, ಹಿತ್ತಲಿನ ಹಣ್ಣು ಇವುಗಳ ಮೇಲಿನ ‘ಚಿಕ್ಕ ದಶಮಾಂಶ’ ವಿಕಾರನಿಗೆ. ಪಾಲು ಮಾಡಿದ ರೀತಿ ಊರಿಂದೂರಿಗೆ ಬೇರೆಯಾಗುತ್ತಿತ್ತು. ಕೆಲವೆಡೆ ಹುಲ್ಲು ವಿಕಾರನ ಕಡೆಗೆ ಬಂದದ್ದೂ ಇದೆ. ವಸೂಲಿಯ ಸುಲಭವನ್ನು ನೋಡಿದರೂ ಈ ವಿಭಜನೆ ವಿಕಾರನಿಗೆ ಪ್ರತಿಕೂಲವೇ. ಕಣದಲ್ಲಿ ರಾಶಿ ಬಿದ್ದ ಗೋಧಿಯನ್ನು ಅಳೆದು ತರಬಹುದು. ಹತ್ತು ಮನೆಗಳ ಕೋಳಿಗೂಡಿನ ಲೆಕ್ಕ ಇಡುವುದೆಂದರೆ ವರ್ಷವಿಡೀ ನೆರೆಯವರೊಂದಿಗೆ ಜಗಳ.

ವಿಚಿತ್ರವಾದದ್ದು ಮುಂದಿದೆ. 1536ರಿಂದ 1540ರ ನಡುವೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ. ಬದಲಿಯವನನ್ನು ನೇಮಿಸಿದ್ದ ಯಜಮಾನನೇ ಇಲ್ಲವಾದ. ಆಗ ವಿಕಾರನೇ ರೆಕ್ಟರ್ ಆಗಬೇಕಿತ್ತಲ್ಲವೆ? ಹಾಗಾಗಲಿಲ್ಲ. ಮಠಗಳ ಭೂಮಿಯ ಜೊತೆಗೆ ದೊಡ್ಡ ದಶಮಾಂಶದ ಹಕ್ಕೂ ಅರಸನ ಕೈಸೇರಿ, ಅಲ್ಲಿಂದ ಜಮೀನ್ದಾರರಿಗೆ, ಕಾಲೇಜುಗಳಿಗೆ, ಕೊಂಡವರಿಗೆಲ್ಲ ಮಾರಾಟವಾಯಿತು. ದೀಕ್ಷೆಯಿಲ್ಲದ ಗೃಹಸ್ಥರು ‘ಲೇ ರೆಕ್ಟರ್’ ಎನಿಸಿಕೊಂಡು ಧಾನ್ಯ ಪಡೆದರು. ವಿಕಾರ್ ಮಾತ್ರ ವಿಕಾರನಾಗಿಯೇ ಉಳಿದ. ಪದವಿಯ ಹೆಸರಿನಲ್ಲಿದ್ದ ‘ಬದಲಿ’ ಎಂಬ ಅರ್ಥಕ್ಕೆ ಆಧಾರವಾಗಿದ್ದವರು ಹೋಗಿ ಸುಮಾರು ಐದು ಶತಮಾನಗಳಾಗುತ್ತ ಬಂದರೂ ಹೆಸರು ಅಳಿದಿಲ್ಲ.

ನೇರಮಾತು

ಇಷ್ಟೆಲ್ಲ ಚರಿತ್ರೆ ಸ್ವಾರಸ್ಯಕರವೇ ಹೌದು. ಆದರೆ ಅನುವಾದಕರಿಗೆ ಇದರಿಂದ ಏನು ಪ್ರಯೋಜನ? ಇಂದು ಇಂಗ್ಲೆಂಡಿನ ಒಂದು ಊರಿನಲ್ಲಿ ರೆಕ್ಟರ್, ಪಕ್ಕದ ಊರಿನಲ್ಲಿ ವಿಕಾರ್ ಇದ್ದರೆ ಇಬ್ಬರ ಕೆಲಸವೂ ಒಂದೇ, ಬಟ್ಟೆಯೂ ಒಂದೇ. ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಳಕೆಯಲ್ಲಿರುವ ‘ಸಭಾಪಾಲಕ’ ಎಂಬ ಪದವನ್ನು ಇಬ್ಬರಿಗೂ ಹಾಕಿ ಮುಂದೆ ಹೋಗಬಹುದು. ಪದದ ಹುಟ್ಟನ್ನು ಹಿಡಿದುಕೊಂಡು ಕೂತರೆ ಯಾವ ಅನುವಾದವೂ ಮುಗಿಯುವುದಿಲ್ಲ.

ಪ್ಯಾರಿಷ್ ದಾಖಲೆ

ನೇರಮಾತು ಅವರ ಮಾತು ಇಂದಿನ ಪತ್ರಿಕಾ ವರದಿಗೆ ಸರಿ, ಹತ್ತೊಂಬತ್ತನೆಯ ಶತಮಾನದ ಪತ್ರಕ್ಕೆ ಸಾಲದು. 1836ರ ಕಾಯಿದೆ ದಶಮಾಂಶವನ್ನು ದವಸದಿಂದ ಹಣಕ್ಕೆ ಬದಲಾಯಿಸಿತೇ ಹೊರತು ಯಾರಿಗೆ ಎಷ್ಟು ಎಂಬ ಪಾಲನ್ನು ಅಳಿಸಲಿಲ್ಲ. ಆ ಕಾಲದ ಪತ್ರದಲ್ಲಿ ‘ಅವನು ವಿಕಾರ್ ಮಾತ್ರ’ ಎಂದಿದ್ದರೆ ಓದುಗ ಅದನ್ನು ಆದಾಯದ ಸೂಚನೆಯೆಂದೇ ತಿಳಿಯುತ್ತಿದ್ದ. ಮಗಳ ಮದುವೆಯ ಮಾತುಕತೆಯಲ್ಲಿ ಅದು ಸಣ್ಣ ಸಂಗತಿಯೇನಲ್ಲ.

ಇನ್ನೂ ಒಂದು ತೊಡಕಿದೆ. ದಶಮಾಂಶದ ಯಾವ ಪಾಲೂ ಇಲ್ಲದೆ ಸಂಬಳ ಅಥವಾ ದತ್ತಿಯ ಮೇಲೆ ಬದುಕುತ್ತಿದ್ದ ‘ಪರ್ಪೆಚುವಲ್ ಕ್ಯುರೇಟ್’ ಎಂಬ ವರ್ಗವಿತ್ತು. 1868ರ ಕಾಯಿದೆಯಿಂದ ಅವರಲ್ಲಿ ಬಹುಪಾಲು ಜನರಿಗೆ ವಿಕಾರ್ ಎಂದು ಕರೆಸಿಕೊಳ್ಳುವ ಅವಕಾಶ ದೊರೆಯಿತು. 1968ರ ‘ಪ್ಯಾಸ್ಟೊರಲ್ ಮೆಷರ್’ ಎಂಬ ಚರ್ಚ್ ಶಾಸನ ಆ ವರ್ಗವನ್ನೇ ಇಲ್ಲವಾಗಿಸಿತು. ಹೊಸ ಕೈಗಾರಿಕಾ ಪಟ್ಟಣಗಳ ಚರ್ಚುಗಳಲ್ಲಿದ್ದ ವಿಕಾರರು ಎಂದೂ ಯಾವ ರೆಕ್ಟರನ ಬದಲಿಗೂ ನಿಂತವರಲ್ಲ. ಆದ್ದರಿಂದ 1868ಕ್ಕಿಂತ ಮೊದಲಿನ ವಿಕಾರನಿಗೂ ಅನಂತರದವನಿಗೂ ಒಂದೇ ವಿವರಣೆ ಹೊಂದದು. ಪತ್ರದ ತಾರೀಕು ನೋಡಿಕೊಳ್ಳಿ.

ಅಮೆರಿಕದ ಎಪಿಸ್ಕೋಪಲ್ ಚರ್ಚಿನಲ್ಲಿ ದಶಮಾಂಶದ ಈ ವ್ಯವಸ್ಥೆಯೇ ಇರಲಿಲ್ಲ. ಅಲ್ಲಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುವ ಪ್ಯಾರಿಷ್‌ಗೆ ರೆಕ್ಟರ್. ಧರ್ಮಪ್ರಾಂತ್ಯದ ನೆರವಿನಿಂದ ನಡೆಯುವ ಮಿಷನ್ ಸಭೆಗೆ ವಿಕಾರ್. ಅಲ್ಲಿ ವಿಕಾರ್ ಬಿಷಪರ ಬದಲಿ. ಹೆಸರು ಇಂಗ್ಲೆಂಡಿನದೇ, ಬದಲಿಯ ಯಜಮಾನ ಮಾತ್ರ ಬೇರೆ.

ಕರಾವಳಿಯ ಓದುಗಿ

ಫ್ರೆಂಚ್ ಬರಹದ ಗೊಂದಲಕ್ಕೆ ಉತ್ತರ ಇಲ್ಲೇ ಇದೆ. ಇಂಗ್ಲೆಂಡಿನಲ್ಲಿ ವಿಕಾರ್ ಮುಖ್ಯಸ್ಥ, ಕ್ಯುರೇಟ್ ಅವನ ಸಹಾಯಕ. ಫ್ರಾನ್ಸಿನಲ್ಲಿ ಸರಿಯಾಗಿ ತಿರುವುಮುರುವು: ‘ಕ್ಯುರೆ’ ಮುಖ್ಯಸ್ಥ, ‘ವಿಕೇರ್’ ಅವನ ಸಹಾಯಕ. ಕ್ಯುರೇಟ್ ಮತ್ತು ಕ್ಯುರೆ ಎರಡೂ ‘ಆತ್ಮಗಳ ಹೊಣೆ ಹೊತ್ತವನು’ ಎಂಬ ಒಂದೇ ಲ್ಯಾಟಿನ್ ಮೂಲದವು. ಫ್ರೆಂಚರು ಆ ಹೊಣೆಯ ಹೆಸರನ್ನು ಮುಖ್ಯಸ್ಥನಿಗೆ ಉಳಿಸಿಕೊಂಡರು. ಇಂಗ್ಲಿಷರಲ್ಲಿ ವಿಕಾರನೇ ಊರಿಗೆ ದೊಡ್ಡವನಾದ್ದರಿಂದ ಕ್ಯುರೇಟ್ ಕೆಳಗಿಳಿದ. ಫ್ರೆಂಚಿನ ‘ವಿಕೇರ್’ ಕಂಡಲ್ಲಿ ಇಂಗ್ಲಿಷ್ ಅನುವಾದಕ ‘ವಿಕಾರ್’ ಎಂದು ಬರೆದಿದ್ದರೆ ಅದು ತಪ್ಪು, ಮತ್ತು ಆ ತಪ್ಪು ಹಳೆಯ ಅನುವಾದಗಳಲ್ಲಿ ಅಪರೂಪವೇನಲ್ಲ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಕ್ಯಾಥೊಲಿಕ್ ಮಿಷನರಿಗಳು ಪ್ಯಾರಿಸ್ ಮಿಷನ್ ಸಂಸ್ಥೆಯ ಫ್ರೆಂಚರಾದ್ದರಿಂದ ನಿಮ್ಮ ಕಡತಗಳಲ್ಲಿ ಈ ತಿರುವುಮುರುವು ಬರುವ ಸಾಧ್ಯತೆ ಹೆಚ್ಚು.

ಕರಾವಳಿಗೆ ಪದ ಬಂದ ದಾರಿ ಬೇರೆ. ಪೋರ್ಚುಗೀಸರ ‘ವಿಗಾರಿಯು’ ಗೋವೆಯ ಮೂಲಕ ಕೊಂಕಣಿಗೆ ಬಂದು ‘ವಿಗಾರ್’ ಆಯಿತು. ಮಂಗಳೂರಿನ ಯಾವ ಕ್ಯಾಥೊಲಿಕ್ ಮನೆಯಲ್ಲಿ ಕೇಳಿದರೂ ವಿಗಾರ್ ಎಂದರೆ ಇಗರ್ಜಿಯ ಪ್ರಧಾನ ಗುರುಗಳು, ಸಹಾಯಕರಲ್ಲ. ಅಂದರೆ ನಮ್ಮ ಕೊಂಕಣಿ ಈ ವಿಷಯದಲ್ಲಿ ಕ್ಯಾಥೊಲಿಕ್ ಫ್ರಾನ್ಸಿನ ಕಡೆಗಿಲ್ಲ, ಆಂಗ್ಲಿಕನ್ ಇಂಗ್ಲೆಂಡಿನ ಕಡೆಗಿದೆ. ಅದೂ ಇಂಗ್ಲೆಂಡಿನ ಸಂಪರ್ಕಕ್ಕೆ ಬರುವ ಮೊದಲೇ. ಕನ್ನಡ ಪತ್ರಿಕೆಗಳು ‘ಪ್ರಧಾನ ಧರ್ಮಗುರು’, ‘ಸಹಾಯಕ ಧರ್ಮಗುರು’ ಎಂದು ಬರೆದು ಈ ಇಕ್ಕಟ್ಟಿನಿಂದ ಜಾಣತನದಿಂದ ಪಾರಾಗಿವೆ. ಒಂದು ವಲಯದ ಹಲವು ಚರ್ಚುಗಳ ಮೇಲ್ವಿಚಾರಣೆ ಇರುವ ‘ವಿಕಾರ್ ಫೊರೇನ್’ಗೆ ‘ವಲಯ ಪ್ರಧಾನ ಧರ್ಮಗುರು’ ಎನ್ನುತ್ತಾರೆ. ಬಿಷಪರಿಗೆ ಬಲಗೈಯಂತಿರುವ ವಿಕಾರ್ ಜನರಲ್‌ಗೆ ಕೊಂಕಣಿಯಲ್ಲಿ ‘ವಿಗಾರ್ ಜೆರಾಲ್’, ಕನ್ನಡದಲ್ಲಿ ‘ಶ್ರೇಷ್ಠ ಗುರು’ ಎಂಬ ಬಳಕೆ ಇದೆ.

ನೆರೆಯ ಮಲಯಾಳದಲ್ಲಿ ಇದೇ ಪೋರ್ಚುಗೀಸ್ ಪದ ‘ವಿಕಾರಿ’ ಆಗಿದೆ. ಅದನ್ನು ಹಾಗೆಯೇ ಕನ್ನಡಕ್ಕೆ ತರಬೇಡಿ ಎಂದು ವಿನಂತಿ. ಸಂವತ್ಸರದ ಹೆಸರಾಗಿ ಅದನ್ನು ಸಹಿಸಿಕೊಂಡ ಓದುಗರು ಗುರುಗಳ ಬಿರುದಾಗಿ ಒಪ್ಪಲಾರರು. ಜರ್ಮನಿಯ ಪ್ರೊಟೆಸ್ಟೆಂಟರಲ್ಲಂತೂ ‘ವಿಕಾರ್’ ಎಂದರೆ ದೇವತಾಶಾಸ್ತ್ರದ ಓದು ಮುಗಿಸಿ ದೀಕ್ಷೆಗೆ ಮುನ್ನ ಸಭೆಯೊಂದರಲ್ಲಿ ತರಬೇತಿ ಪಡೆಯುತ್ತಿರುವ ಅಭ್ಯರ್ಥಿ.

ಗಾಯನಪ್ರಿಯ

ಒಂದು ಸಣ್ಣ ಸೇರ್ಪಡೆ. ಇಂಗ್ಲೆಂಡಿನ ಹಳೆಯ ಪ್ರಧಾನಾಲಯಗಳಲ್ಲಿ (ಕೆಥೆಡ್ರಲ್‌ಗಳಲ್ಲಿ) ‘ವಿಕಾರ್ಸ್ ಕೋರಲ್’ ಎಂಬವರಿದ್ದರು. ದಿನದ ಪ್ರಾರ್ಥನೆಗಳನ್ನು ಹಾಡುವುದು ಕ್ಯಾನನ್ ಎಂಬ ದರ್ಜೆಯ ಗುರುಗಳ ಕರ್ತವ್ಯ. ಅವರು ಊರಿನಲ್ಲಿ ಇರುತ್ತಿದ್ದುದೇ ಅಪರೂಪವಾದ್ದರಿಂದ ತಮ್ಮ ಬದಲಿಗೆ ಹಾಡಲು ಒಬ್ಬೊಬ್ಬರನ್ನು ಇಡುತ್ತಿದ್ದರು. ವೆಲ್ಸ್ ನಗರದಲ್ಲಿ ಇವರ ವಾಸಕ್ಕೆಂದು ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ‘ವಿಕಾರ್ಸ್ ಕ್ಲೋಸ್’ ಎಂಬ ಬೀದಿ ಇಂದಿಗೂ ನಿಂತಿದೆ. ಇವರಲ್ಲಿ ದೀಕ್ಷೆಯಿಲ್ಲದ ಗೃಹಸ್ಥ ಗಾಯಕರೂ ಸೇರಿದರು. ಕೆಲವು ಪ್ರಧಾನಾಲಯಗಳಲ್ಲಿ ಅವರನ್ನು ಈಗಲೂ ‘ಲೇ ವಿಕಾರ್’ ಎನ್ನುತ್ತಾರೆ. ಇಂಥವರನ್ನು ‘ಧರ್ಮಗುರು’ ಎಂದು ಅನುವಾದಿಸಿದರೆ ಸಂಸಾರವಂದಿಗ ಗಾಯಕನೊಬ್ಬನಿಗೆ ಕಾವಿ ತೊಡಿಸಿದಂತಾದೀತು.

ಸಂಹಿತೆ

ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಈ ಪದವನ್ನು ಇಂಗ್ಲೆಂಡಿನಂತೆ ಚರಿತ್ರೆಯ ಉಳಿಕೆಯಾಗಿ ಬಿಟ್ಟಿಲ್ಲ, ಇಂದಿಗೂ ಅದರ ಮೂಲಾರ್ಥದಲ್ಲೇ ಬಳಸುತ್ತದೆ. ನೇರಮಾತು ಅವರು ಕೇಳಿದ ‘ಪ್ರಯೋಜನ’ ಇಲ್ಲಿ ಎದ್ದು ಕಾಣುತ್ತದೆ.

1983ರ ಸಂಹಿತೆ ಪದವಿಗೆ ಅಂಟಿಕೊಂಡ ಅಧಿಕಾರವನ್ನು ಎರಡಾಗಿ ನೋಡುತ್ತದೆ: ತನ್ನ ಹೆಸರಿನಲ್ಲೇ ಚಲಾಯಿಸುವ ಸ್ವಂತ ಅಧಿಕಾರ, ಇನ್ನೊಬ್ಬರ ಹೆಸರಿನಲ್ಲಿ ಚಲಾಯಿಸುವ ಬದಲಿ ಅಧಿಕಾರ. ಧರ್ಮಪ್ರಾಂತ್ಯದ ಬಿಷಪರದು ಮೊದಲನೆಯದು. ವಿಕಾರ್ ಜನರಲ್‌ರದು ಎರಡನೆಯದು. ಆಡಳಿತದ ವಿಷಯದಲ್ಲಿ ಬಿಷಪರು ಮಾಡಬಹುದಾದದ್ದರಲ್ಲಿ ಹೆಚ್ಚಿನದನ್ನು ವಿಕಾರ್ ಜನರಲ್ ಮಾಡಬಹುದು. ಕಡತದ ಮೇಲೆ ಅವರ ಸಹಿ ಇದ್ದರೆ ಸಾಕು. ಆದರೆ ಬಿಷಪರು ತೀರಿಕೊಂಡ, ಅವರ ರಾಜೀನಾಮೆ ಅಂಗೀಕಾರವಾದ ಅಥವಾ ಅವರಿಗೆ ವರ್ಗವಾದ ಕಾರಣದಿಂದ ಪೀಠ ತೆರವಾಯಿತೆಂದರೆ, ವಿಕಾರ್ ಜನರಲ್‌ರ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಯಾರ ಬದಲಿಗೆ ನಿಂತಿದ್ದರೋ ಅವರೇ ಇಲ್ಲದ ಮೇಲೆ ಬದಲಿಗೆ ಅರ್ಥವಿಲ್ಲ. ಎಂಟು ದಿನಗಳೊಳಗೆ ಸಲಹಾ ಗುರುಗಳ ಮಂಡಳಿ ಒಬ್ಬ ಆಡಳಿತಾಧಿಕಾರಿಯನ್ನು ಆರಿಸಬೇಕು. ಅಪವಾದವೆಂದರೆ ಚರ್ಚ್ ನ್ಯಾಯಾಲಯದ ಮುಖ್ಯಸ್ಥರಾದ ‘ಜುಡಿಷಿಯಲ್ ವಿಕಾರ್’. ವಿಚಾರಣೆಯಲ್ಲಿರುವ ಮೊಕದ್ದಮೆಗಳು ನಡುವೆ ನಿಲ್ಲಬಾರದಾದ್ದರಿಂದ ಅವರ ಪದವಿ ಮುಂದುವರಿಯುತ್ತದೆ.

ಹಳೆಯ ಕಡತಗಳಲ್ಲಿ ಇದರ ವಿರುದ್ಧ ದಿಕ್ಕಿನ ಒಬ್ಬ ವಿಕಾರನೂ ಸಿಗುತ್ತಾನೆ. 1983ಕ್ಕೆ ಮೊದಲು, ಬಿಷಪ್ ಇಲ್ಲದ ಅವಧಿಯನ್ನು ನಿರ್ವಹಿಸಲು ಪ್ರಧಾನಾಲಯದ ಗುರುಮಂಡಳಿ ಆರಿಸುತ್ತಿದ್ದವನಿಗೆ ‘ಕ್ಯಾಪಿಟ್ಯುಲರ್ ವಿಕಾರ್’ ಎಂದು ಹೆಸರಿತ್ತು. ಒಬ್ಬನ ಅಧಿಕಾರ ಪೀಠ ತೆರವಾದಾಗ ಮುಗಿದರೆ ಇನ್ನೊಬ್ಬನದು ಪೀಠ ತೆರವಾದಾಗಲೇ ಹುಟ್ಟುತ್ತದೆ. ಇಬ್ಬರನ್ನೂ ‘ಉಪ ಧರ್ಮಾಧ್ಯಕ್ಷ’ ಎಂದು ಬರೆದ ಅನುವಾದವನ್ನು ಕಂಡಿದ್ದೇನೆ; ಓದುಗನಿಗೆ ಅದರಿಂದ ಸಿಗುವುದು ಗೊಂದಲವಷ್ಟೇ.

ರೋಮಿನದು ಇನ್ನೂ ಒಂದು ಬಗೆ. ಪೋಪರು ರೋಮ್ ನಗರದ ಬಿಷಪರೂ ಹೌದು. ನಗರದ ದೈನಂದಿನ ಆಡಳಿತವನ್ನು ಅವರ ಬದಲಿಗೆ ನೋಡಿಕೊಳ್ಳುವವರು ‘ಕಾರ್ಡಿನಲ್ ವಿಕಾರ್’. ಪೋಪರು ತೀರಿಕೊಂಡಾಗ ವ್ಯಾಟಿಕನ್ನಿನ ಹೆಚ್ಚಿನ ಇಲಾಖಾ ಮುಖ್ಯಸ್ಥರ ಪದವಿಗಳು ಕೊನೆಗೊಂಡರೂ ಇವರ ಪದವಿ ಉಳಿಯುತ್ತದೆ. ಸಾಮಾನ್ಯ ನಿಯಮ ಇಲ್ಲಿ ಅನ್ವಯಿಸುವುದಿಲ್ಲ.

ಊರ ಚರ್ಚಿನ ಮಟ್ಟದಲ್ಲಿ ಸಂಹಿತೆ ಫ್ರೆಂಚ್ ಪದ್ಧತಿಯನ್ನೇ ಹಿಡಿದಿದೆ: ‘ಪರೋಕುಸ್’ ಮುಖ್ಯಸ್ಥ, ‘ಪರೋಕಿಯಲ್ ವಿಕಾರ್’ ಸಹಾಯಕ. ಹಾಗಾಗಿ ರೋಮಿನ ಲ್ಯಾಟಿನ್ ಕಾಗದದಲ್ಲಿ ವಿಕಾರ್ ಎನಿಸಿಕೊಂಡವರು ಮಂಗಳೂರಿನ ಕೊಂಕಣಿಯಲ್ಲಿ ವಿಗಾರ್ ಅಲ್ಲ. ಕೊಂಕಣಿಯ ವಿಗಾರ್ ಲ್ಯಾಟಿನ್ನಿನ ವಿಕಾರ್ ಅಲ್ಲ.

ಮಿಷನ್ ಚರಿತ್ರೆ

ಕಡತಪ್ರಿಯ ಅವರ ಪಟ್ಟಿಯಲ್ಲಿ ಕನ್ನಡಿಗರಿಗೆ ಹತ್ತಿರದ್ದು ‘ವಿಕಾರ್ ಅಪೋಸ್ಟೋಲಿಕ್’. ಇದರ ಹಿಂದೆ ಒಂದು ರಾಜಕೀಯ ತಂತ್ರವಿದೆ, ಅದನ್ನು ತಿಳಿಯದೆ ಪದ ಅರ್ಥವಾಗದು.

ಪದ್ರುವಾದೊ ಎಂಬ ವ್ಯವಸ್ಥೆಯಂತೆ ಪೂರ್ವದೇಶಗಳಲ್ಲಿ ಬಿಷಪರ ಪೀಠಗಳಿಗೆ ಹೆಸರು ಸೂಚಿಸುವ ಹಕ್ಕು ಪೋರ್ಚುಗಲ್ಲಿನ ದೊರೆಗಿತ್ತು. ಗೋವೆಯ ಆರ್ಚ್‌ಬಿಷಪರು ತಮ್ಮ ಬಂದೂಕುಗಳು ತಲುಪದ ನಾಡುಗಳ ಮೇಲೂ ಈ ಹಕ್ಕನ್ನು ಸಾಧಿಸುತ್ತಿದ್ದರು. 1622ರಲ್ಲಿ ರೋಮ್ ‘ಪ್ರೊಪಗಾಂಡಾ ಫಿದೆ’ ಎಂಬ ಇಲಾಖೆಯನ್ನು ಸ್ಥಾಪಿಸಿ ಮಿಷನ್‌ಗಳನ್ನು ತನ್ನ ಕೈಗೆ ತೆಗೆದುಕೊಳ್ಳಲು ಹೊರಟಿತು. ಹೊಸ ಧರ್ಮಪ್ರಾಂತ್ಯ ಸ್ಥಾಪಿಸಿದರೆ ಪೋರ್ಚುಗಲ್ ತಕರಾರು ತೆಗೆಯುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ಇದು: ಯಾವುದೋ ಅಳಿದುಹೋದ ಪ್ರಾಚೀನ ನಗರದ ಹೆಸರಿನಲ್ಲಿ ಒಬ್ಬರಿಗೆ ಬಿಷಪ್ ದೀಕ್ಷೆ ಕೊಡುವುದು, ಅವರನ್ನು ಭಾರತಕ್ಕೆ ಇಲ್ಲಿನ ಬಿಷಪರೆಂದು ಕಳುಹಿಸದೆ ಪೋಪರ ಬದಲಿಯೆಂದು ಕಳುಹಿಸುವುದು. ಸಾಕ್ಷಾತ್ ಪೋಪರೇ ನಾಡಿನ ಬಿಷಪ್, ಬಂದವರು ಅವರ ವಿಕಾರ್. ದೊರೆಯ ಹಕ್ಕು ಬಿಷಪರ ಪೀಠದ ಮೇಲೆ ತಾನೇ? ಪೀಠವೇ ಇಲ್ಲ!

ಭಾರತದಲ್ಲಿ ಹೀಗೆ ನೇಮಕಗೊಂಡ ಮೊದಲಿಗರು ಗೋವೆಯವರೇ ಆದ ಮಾತೆವುಸ್ ದೆ ಕಾಸ್ತ್ರೊ. 1637ರಲ್ಲಿ ರೋಮಿನಲ್ಲಿ ಕ್ರಿಸೋಪೊಲಿಸ್ ಎಂಬ ನಾಮಮಾತ್ರದ ಪೀಠದ ಬಿಷಪರಾಗಿ ದೀಕ್ಷೆ ಪಡೆದು ಬಿಜಾಪುರ ರಾಜ್ಯದ ವಿಕಾರ್ ಅಪೋಸ್ಟೋಲಿಕ್ ಆದರು. ಆ ಕ್ಷೇತ್ರವನ್ನು ದಾಖಲೆಗಳಲ್ಲಿ ‘ಇದಲ್ಕಾನ್’ ಎಂದು ಬರೆಯಲಾಗಿದೆ. ಆದಿಲ್ ಖಾನ್ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ತಿರುಚಿದ ರೂಪ ಅದು. ಗೋವೆಯ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಆಗ ಆದಿಲಶಾಹಿ ಆಳ್ವಿಕೆಯಲ್ಲಿದ್ದ ಬಿಚೋಲಿಯಲ್ಲಿ ನೆಲೆಸಿ, ತಮ್ಮ ಊರಿನ ಎದುರಿಗೇ ಕುಳಿತು, ಅವರು ದೀರ್ಘಕಾಲ ಹೋರಾಡಿದರು. ಮುಂದೆ ಕೆನರಾಕ್ಕೆ ಇದೇ ಪದವಿಯಲ್ಲಿ ಬಂದ ತೋಮಸ್ ದೆ ಕಾಸ್ತ್ರೊ ಕೆಳದಿಯ ಚೆನ್ನಮ್ಮನ ಕಾಲದಲ್ಲಿ ದೊರೆತ ಭೂಮಿಯಲ್ಲಿ 1680ರಲ್ಲಿ ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚನ್ನು ಕಟ್ಟಿಸಿದರು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ, 1845ರಲ್ಲಿ ಕೇರಳದ ವೆರಾಪೊಲಿಯಿಂದ ಮಂಗಳೂರನ್ನು ಬೇರ್ಪಡಿಸಲಾಯಿತು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್, ಅಂದರೆ ವಿಕಾರ್ ಅಪೋಸ್ಟೋಲಿಕ್ ಒಬ್ಬರ ಆಡಳಿತ ಕ್ಷೇತ್ರ, ಆಯಿತು, ಅದರ ಬಿಷಪರು ಬೆಂಗಳೂರಿನಲ್ಲಿದ್ದರು. 1886ರ ಸೆಪ್ಟೆಂಬರ್ 1ರಂದು ಪೋಪ್ ಹದಿಮೂರನೆಯ ಲಿಯೊ ಭಾರತದ ವಿಕಾರಿಯೇಟ್‌ಗಳನ್ನು ಧರ್ಮಪ್ರಾಂತ್ಯಗಳಾಗಿ ಮಾಡಿದರು. ಮಂಗಳೂರಿನಲ್ಲಿ ವಿಕಾರ್ ಅಪೋಸ್ಟೋಲಿಕ್ ಆಗಿದ್ದ ಯೇಸುಸಭೆಯ ನಿಕೊಲಾಸ್ ಪಗಾನಿಯವರೇ ಮೊದಲ ಬಿಷಪರಾದರು. ಅದೇ ಮನುಷ್ಯ, ಅದೇ ಊರು, ಅದೇ ಜನ. ನೇಮಕಪತ್ರದಲ್ಲಿ ಮಾತ್ರ ಪೋಪರ ಹೆಸರಿನಲ್ಲಿ ಆಳುವವರು ತಮ್ಮ ಹೆಸರಿನಲ್ಲೇ ಆಳುವವರಾದರು. ಸಂಹಿತೆ ಅವರು ಹೇಳಿದ ಸ್ವಂತ ಅಧಿಕಾರ ಮತ್ತು ಬದಲಿ ಅಧಿಕಾರದ ಗೆರೆ ನಮ್ಮ ನಾಡಿನಲ್ಲೇ ಹೀಗೆ ದಾಟಲ್ಪಟ್ಟಿದೆ. ಆದ್ದರಿಂದ 1886ಕ್ಕೆ ಮೊದಲಿನ ಕಡತದಲ್ಲಿ ‘ಮೈಸೂರಿನ ಬಿಷಪ್’ ಎಂದು ಬರೆಯುವುದು ಆಡುಮಾತಿಗೆ ಸರಿ, ಅನುವಾದಕ್ಕೆ ಸರಿಯಲ್ಲ.

ಕುವೈತಿನಿಂದ

ಇದನ್ನು ಹಳೆಯ ಕಥೆ ಎಂದು ತಿಳಿಯಬೇಡಿ. ಕೊಲ್ಲಿ ದೇಶಗಳಲ್ಲಿ ಇಂದಿಗೂ ಧರ್ಮಪ್ರಾಂತ್ಯವಿಲ್ಲ, ಲ್ಯಾಟಿನ್ ವಿಧಿಯವರಿಗೆ ಇರುವುದು ಎರಡು ವಿಕಾರಿಯೇಟ್‌ಗಳು. ಕುವೈತ್, ಬಹರೈನ್, ಕತಾರ್, ಸೌದಿ ಅರೇಬಿಯಾ ಉತ್ತರ ಅರೇಬಿಯಾಕ್ಕೆ. ಯುಎಇ, ಒಮಾನ್, ಯೆಮೆನ್ ದಕ್ಷಿಣ ಅರೇಬಿಯಾಕ್ಕೆ. 2011ರಲ್ಲಿ ಈ ವಿಂಗಡಣೆಯಾಯಿತು. ಇಲ್ಲಿರುವ ಮಂಗಳೂರು, ಉಡುಪಿ ಕಡೆಯ ಸಾವಿರಾರು ಕ್ಯಾಥೊಲಿಕ್ ಕುಟುಂಬಗಳು ತಮ್ಮ ಬಿಷಪರನ್ನು ‘ಬಿಷಪ್’ ಎಂದೇ ಕರೆಯುತ್ತವೆ; ಮದುವೆಯ ಕಾಗದದ ಮೇಲಿನ ಮುದ್ರೆಯಲ್ಲಿ ಮಾತ್ರ ವಿಕಾರಿಯೇಟ್ ಎಂದಿರುತ್ತದೆ.

ನೇರಮಾತು

ಹಾಗಾದರೆ ಒಂದು ಪ್ರಶ್ನೆ. ‘ಯಾರ ಬದಲಿಗೆ’ ಎಂಬ ಸೂತ್ರ ಎಲ್ಲೆಡೆ ಸಲ್ಲುವುದಾದರೆ ಪೋಪರ ‘ಕ್ರಿಸ್ತನ ವಿಕಾರ್’ ಎಂಬ ಬಿರುದನ್ನು ಏನು ಮಾಡುವಿರಿ? ನಿಮ್ಮ ಸಂಹಿತೆಯ ಪ್ರಕಾರ ಯಜಮಾನ ಇಲ್ಲವಾದರೆ ಬದಲಿಯೂ ಇಲ್ಲ. ಯಜಮಾನ ಇದ್ದರೆ ಬದಲಿ ಬೇಕಿಲ್ಲ. ಇದು ತರ್ಕದ ಕುಚೋದ್ಯವಲ್ಲ, ಪ್ರೊಟೆಸ್ಟೆಂಟ್ ಸುಧಾರಕರು ನಿಜವಾಗಿ ಎತ್ತಿದ ಆಕ್ಷೇಪ.

ಲ್ಯಾಟಿನ್ ಓದುಗ

ಆಕ್ಷೇಪ ತೂಕದ್ದೇ. ಆ ಬಿರುದಿನ ಚರಿತ್ರೆಯೂ ನೇರವಾಗಿಲ್ಲ. ಮೂರನೆಯ ಶತಮಾನದ ಆರಂಭದಲ್ಲಿ ತೆರ್ತುಲಿಯನ್ ಎಂಬ ಕ್ರೈಸ್ತ ಲೇಖಕ ‘ಪ್ರಭುವಿನ ವಿಕಾರ್’ ಎಂದು ಕರೆದದ್ದು ಯಾವ ಬಿಷಪರನ್ನೂ ಅಲ್ಲ, ಪವಿತ್ರಾತ್ಮನನ್ನು. 495ರಲ್ಲಿ ರೋಮಿನ ಸಭೆಯೊಂದು ಪೋಪ್ ಗೆಲಾಸಿಯುಸರಿಗೆ ಕ್ರಿಸ್ತನ ವಿಕಾರ್ ಎಂದು ಜಯಘೋಷ ಮಾಡಿದ್ದುಂಟು. ಆದರೂ ಅನಂತರದ ಶತಮಾನಗಳಲ್ಲಿ ರೋಮಿನ ಬಿಷಪರು ಹೆಚ್ಚಾಗಿ ತಮ್ಮನ್ನು ‘ಪೇತ್ರನ ವಿಕಾರ್’ ಎಂದು ಕರೆದುಕೊಂಡರು. ದೇವರ ವಿಕಾರ್ ಎಂಬುದು ಅರಸರಿಗೂ ಸಲ್ಲುತ್ತಿತ್ತು; ಹದಿಮೂರನೆಯ ಶತಮಾನದ ಇಂಗ್ಲಿಷ್ ನ್ಯಾಯಶಾಸ್ತ್ರ ಗ್ರಂಥವಾದ ‘ಬ್ರ್ಯಾಕ್ಟನ್’ ದೊರೆಯನ್ನು ಹಾಗೆಯೇ ಕರೆಯುತ್ತದೆ. 1198ರಿಂದ 1216ರವರೆಗೆ ಪೋಪರಾಗಿದ್ದ ಮೂರನೆಯ ಇನ್ನೊಸೆಂಟರು ಪೇತ್ರನ ಹೆಸರನ್ನು ಹಿಂದಿಟ್ಟು ಕ್ರಿಸ್ತನ ಹೆಸರನ್ನು ಮುಂದಿಟ್ಟರು. ಪೇತ್ರನ ಬದಲಿ ಎಂದರೆ ರೋಮಿನ ಬಿಷಪರ ಸಾಲಿನಲ್ಲಿ ಒಬ್ಬರು. ಕ್ರಿಸ್ತನ ಬದಲಿ ಎಂದರೆ ದೊರೆಗಳನ್ನೂ ಪ್ರಶ್ನಿಸಬಲ್ಲವರು. ಇಂಗ್ಲೆಂಡಿನ ಜಾನ್ ದೊರೆ ತನ್ನ ರಾಜ್ಯವನ್ನೇ ಒಪ್ಪಿಸಿ ಮತ್ತೆ ಸಾಮಂತನಾಗಿ ಪಡೆದದ್ದು ಇದೇ ಪೋಪರಿಂದ.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತ ಶಾಸನದಲ್ಲಿ ಪ್ರತಿಯೊಬ್ಬ ಬಿಷಪರೂ ಕ್ರಿಸ್ತನ ವಿಕಾರ್ ಎಂದಿದೆ. ಅವರನ್ನು ಪೋಪರ ವಿಕಾರರೆಂದು ತಿಳಿಯಬಾರದು ಎಂದೂ ಸ್ಪಷ್ಟವಾಗಿ ಸೇರಿಸಿದೆ. 2020ರ ವ್ಯಾಟಿಕನ್ ವಾರ್ಷಿಕ ದಾಖಲೆಯಲ್ಲಿ ಈ ಬಿರುದನ್ನು ಪೋಪರ ಚಾರಿತ್ರಿಕ ಬಿರುದುಗಳ ಸಾಲಿಗೆ ಇಳಿಸಿದಾಗ ಸಂಪ್ರದಾಯನಿಷ್ಠರು ಗದ್ದಲವೆಬ್ಬಿಸಿದರು. ಬದಲಿ ಎಂಬುದು ಗೈರುಹಾಜರಿಯ ಸೂಚನೆಯೆ, ಪ್ರತಿನಿಧಿತ್ವದ ಸೂಚನೆಯೆ ಎಂಬಲ್ಲಿ ಇಡೀ ವಾದ ನಿಂತಿದೆ. ಸುಧಾರಕರು ಮೊದಲನೆಯದನ್ನು ಹಿಡಿದರು, ರೋಮ್ ಎರಡನೆಯದನ್ನು. ನನ್ನ ಮಟ್ಟಿಗೆ ಇಲ್ಲಿ ‘ಪ್ರತಿನಿಧಿ’ ಎಂಬ ಕನ್ನಡ ಪದ ಸಾಕು. ಇಂಗ್ಲಿಷ್ ಹಳ್ಳಿಯ ವಿಕಾರನಿಗೆ ಮಾತ್ರ ಅದು ಹೊಂದುವುದಿಲ್ಲ.

ಕಡತಪ್ರಿಯ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಒಂದು ಪದಕ್ಕೆ ಒಂದು ಪದ ಎಂಬ ಆಸೆಯನ್ನು ಕೈಬಿಟ್ಟಿದ್ದೇನೆ. ಇಂಗ್ಲೆಂಡಿನ ಪತ್ರಗಳಲ್ಲಿ ‘ವಿಕಾರ್’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಚಿಕ್ಕ ದಶಮಾಂಶದ ವಿಷಯವನ್ನು ವಾಕ್ಯದೊಳಗೇ ಸೇರಿಸುತ್ತೇನೆ. ಫ್ರೆಂಚ್ ಬರಹದಲ್ಲಿ ‘ಸಹಾಯಕ ಗುರು’. ಪೋಪರಿಗೆ ‘ಕ್ರಿಸ್ತನ ಪ್ರತಿನಿಧಿ’. ಮೈಸೂರು, ಮಂಗಳೂರಿನವರಿಗೆ 1886ರವರೆಗೆ ‘ಪೋಪರ ಪ್ರತಿನಿಧಿ ಬಿಷಪ್’, ಅನಂತರ ‘ಬಿಷಪ್’. ‘ಉಪ’ ಎಂಬ ಪೂರ್ವಪ್ರತ್ಯಯವನ್ನು ಎಲ್ಲೂ ಬಳಸುವುದಿಲ್ಲ. ವಿಶ್ವವಿದ್ಯಾನಿಲಯದ ನಿಜವಾದ ಆಡಳಿತಗಾರರನ್ನು ಬಹುಕಾಲ ‘ಉಪಕುಲಪತಿ’ ಎಂದು ಕರೆದು, ಬಳಿಕ ಅವರನ್ನೇ ‘ಕುಲಪತಿ’ ಎಂದು, ರಾಜ್ಯಪಾಲರನ್ನು ‘ಕುಲಾಧಿಪತಿ’ ಎಂದು ತಿದ್ದಿಕೊಳ್ಳಬೇಕಾಗಿ ಬಂದ ನಾಡು ನಮ್ಮದು. ಅದೇ ತೊಡಕನ್ನು ಚರ್ಚಿನೊಳಗೆ ಮತ್ತೆ ತರುವ ಅಗತ್ಯವಿಲ್ಲ.

ಉಳಿದದ್ದು ಒಂದೇ ಸಂದೇಹ. ನನ್ನ ಒಂದು ಪತ್ರದಲ್ಲಿ ವಿಕಾರನೊಬ್ಬ, ಬಲಿಪೀಠವಿರುವ ಭಾಗದ ಚಾವಣಿ ಸೋರುತ್ತಿದ್ದರೂ ಅದನ್ನು ತಾನು ದುರಸ್ತಿ ಮಾಡಿಸಲಾರೆ, ಊರಿನ ಜಮೀನ್ದಾರನೇ ಮಾಡಿಸಬೇಕು ಎಂದು ಬರೆಯುತ್ತಾನೆ. ಇದು ಜಿಪುಣತನವೋ, ಕಾನೂನೋ?

ಪ್ಯಾರಿಷ್ ದಾಖಲೆ

ಕಾನೂನು. ಚರ್ಚಿನಲ್ಲಿ ಜನ ಕೂರುವ ಭಾಗದ ದುರಸ್ತಿ ಊರವರದು, ಬಲಿಪೀಠವಿರುವ ‘ಚಾನ್ಸೆಲ್’ ಭಾಗದ್ದು ರೆಕ್ಟರನದು. ದೊಡ್ಡ ದಶಮಾಂಶದ ಹಕ್ಕನ್ನು ಕೊಂಡ ಜಮೀನ್ದಾರ ಅದರ ಜೊತೆಗೆ ಈ ಹೊಣೆಯನ್ನೂ ಕೊಂಡಂತೆ. ನಿಮ್ಮ ವಿಕಾರ್ ತನ್ನ ಚಿಕ್ಕ ಪಾಲಿನಲ್ಲಿ ಅದನ್ನು ಹೊರಬೇಕಾಗಿರಲಿಲ್ಲ.

ಈ ಹೊಣೆ ಇನ್ನೂ ಸತ್ತಿಲ್ಲ. ವಾರಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯಲ್ಲಿ, ಷೇಕ್ಸ್‌ಪಿಯರನ ತಂದೆತಾಯಿಯರ ಮದುವೆ ನಡೆದದ್ದೆಂದು ಪ್ರತೀತಿ ಇರುವ ಚರ್ಚಿನ ಚಾನ್ಸೆಲ್ ದುರಸ್ತಿಯ ಖರ್ಚನ್ನು, ಹಿಂದಿನ ರೆಕ್ಟರನ ಹೊಲವಿದ್ದ ಜಮೀನಿನ ಒಡೆಯರಾದ ದಂಪತಿಯಿಂದ ಚರ್ಚ್ ಮಂಡಳಿ ಕೇಳಿತು. ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2003ರಲ್ಲಿ ಚರ್ಚಿನ ಪರವಾಗಿ ತೀರ್ಪಾಯಿತು. ಅಂತಿಮ ಬಿಲ್ಲು ಎರಡು ಲಕ್ಷ ಪೌಂಡುಗಳ ಆಸುಪಾಸಿಗೆ ಮುಟ್ಟಿತು. ಅಂಥ ಹಕ್ಕುಗಳನ್ನು ಭೂನೋಂದಣಿಯಲ್ಲಿ ದಾಖಲಿಸಲು 2013ರ ಅಕ್ಟೋಬರ್‌ವರೆಗೆ ಚರ್ಚುಗಳಿಗೆ ಗಡುವು ಕೊಡಲಾಗಿತ್ತು. ಅಲ್ಲಿ ಹಳ್ಳಿ ಕಡೆ ಮನೆ ಕೊಳ್ಳುವವರ ವಕೀಲರು ಇಂದಿಗೂ ಈ ಒಂದು ಪ್ರಶ್ನೆಗಾಗಿ ಪ್ರತ್ಯೇಕ ಶೋಧ ಮಾಡಿಸುತ್ತಾರೆ. ಅನುವಾದದಲ್ಲಿ ‘ಜಮೀನ್ದಾರ’ ಎಂಬುದರ ಮೊದಲು ‘ದೊಡ್ಡ ದಶಮಾಂಶದ ಹಕ್ಕುದಾರನಾದ’ ಎಂದು ಸೇರಿಸಿ. ಪತ್ರ ತಾನಾಗಿ ಅರ್ಥವಾಗುತ್ತದೆ.